ಬಾಡಿಗೆ ಕೊಡದೆ ಮನೆ ಹಿಡಿಯುವ ಜೇನು

ಹೊರಗಿನಿಂದ ಬಂದ ಒಂಟಿ ಜೇನುಗಳು (ಹಿಂಡು ಕಟ್ಟದೆ ಒಬ್ಬೊಂಟಿಯಾಗಿ ಗೂಡು ಮಾಡುವವು) ಹೊಸ ಊರುಗಳಿಗೆ ಹರಡುತ್ತಿವೆ, ಆದರೆ ಪರಾಗಸ್ಪರ್ಶ ಮಾಡುವುದರಿಂದ ಚಿಂತೆ ಬೇಡ ಎಂದು ಒಂದು ಲೇಖನ ಹೇಳುತ್ತದೆ. ಅಷ್ಟು ಸುಲಭವಾಗಿ ಒಪ್ಪಲು ನನಗೆ ಕಷ್ಟ.

ಮೆಗಾಕೈಲ್ ಸ್ಕಲ್ಪ್ಚುರಾಲಿಸ್ ಅನ್ನೇ ನೋಡಿ. ಜಪಾನ್, ಚೀನಾ, ಕೊರಿಯಾ ಕಡೆಯ ದೊಡ್ಡ ಜೇನು. ಹೆಣ್ಣು 2 ಸೆಂಟಿಮೀಟರ್‌ಗೂ ಉದ್ದ. 1994ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಂಡಿತು, 2008ರಲ್ಲಿ ಫ್ರಾನ್ಸಿನ ಮಾರ್ಸೇಲ್ ಹತ್ತಿರ. ಆಮೇಲೆ ಇಟಲಿ, ಸ್ವಿಟ್ಜರ್ಲೆಂಡ್, ಸ್ಪೇನ್ ಎಲ್ಲಾ ತಲುಪಿದೆ. ಇಷ್ಟು ದೂರ ಹಾರಿ ಬಂದದ್ದಲ್ಲ. ಗೂಡು ಇರುವುದು ಮರದ ತೂತಿನೊಳಗೆ ಅಲ್ವಾ? ಮರದ ಸಾಮಾನಿನ ಜೊತೆ ಮರಿಗಳೂ ಸುಮ್ನೆ ಪ್ರಯಾಣ ಮಾಡಿಬಿಡುತ್ತವೆ.

ತೊಂದರೆ ಶುರುವಾಗುವುದೂ ಆ ತೂತಿನಲ್ಲೇ. ಇದಕ್ಕೆ ಮರ ಕೊರೆಯಲು ಬರುವುದಿಲ್ಲ. ಬೇರೆಯವರು ಕೊರೆದದ್ದು ಬೇಕು. ಅಮೆರಿಕದಲ್ಲಿ ಈ ಜೇನು ಮರ ಕೊರೆಯುವ ದುಂಬಿಯನ್ನು ಅದರ ಗೂಡಿನಿಂದಲೇ ಓಡಿಸಿದ್ದನ್ನು ಸಂಶೋಧಕರು ನೋಡಿದ್ದಾರೆ. ನಮ್ಮೂರ ಹಳೇ ಮನೆಯ ತೊಲೆಯಲ್ಲಿ ಗುಂಯ್‌ಗುಡುತ್ತಿದ್ದ ಕಪ್ಪು ದುಂಬಿ ನೆನಪಿದೆಯಲ್ಲ, ಓಡಿಸಿಕೊಂಡ ದುಂಬಿ ಅದರ ಬಳಗದ್ದೇ. ಯುರೋಪಿನಲ್ಲಿ ಬೇರೆ ಒಂಟಿ ಜೇನುಗಳ ಗೂಡು ಬರಿದು ಮಾಡಿ, ಒಳಗೆ ಮರದ ಅಂಟು ಮೆತ್ತಿ, ತನ್ನ ಮೊಟ್ಟೆ ಇಡುತ್ತದೆ. ಒಂಟಿ ಜೇನುಗಳು ಗೂಡು ಮಾಡಲಿ ಎಂದು ತೋಟದಲ್ಲಿ ಜನ ಪ್ರೀತಿಯಿಂದ ನೇತುಹಾಕುವ, ತೂತುಗಳಿರುವ ‘ಜೇನು ಹೋಟೆಲ್’ಗಳೂ ಇದಕ್ಕೆ ಬಿಟ್ಟಿ ಮನೆ!

ಪರಾಗದ ಮಾತು? ಹೂವಿಗೆ ಹೋಗುತ್ತದೆ, ನಿಜ. ಆದರೆ ಏಷ್ಯಾದಿಂದಲೇ ಬಂದ ಸೊಫೊರಾ ಮರ, ಕುಡ್ಜು ಬಳ್ಳಿ ಅಂದರೆ ಇದಕ್ಕೆ ಬಲು ಇಷ್ಟ. ಕುಡ್ಜು ಅಮೆರಿಕದಲ್ಲಿ ದೊಡ್ಡ ಕಳೆ. ಅದರ ಬೀಜ ಜಾಸ್ತಿಯಾದರೆ ಯಾರಿಗೆ ಲಾಭ?

ಒಂದು ಸಮಾಧಾನ, ಮನುಷ್ಯರನ್ನು ಇದು ಸಾಮಾನ್ಯವಾಗಿ ಕುಟುಕಲು ಬರುವುದಿಲ್ಲ. ಕಂಡ ತಕ್ಷಣ ಹೊಡೆಯಬೇಡಿ. ಸ್ಥಳೀಯ ಜೇನನ್ನೇ ಇದೆಂದು ತಪ್ಪು ತಿಳಿದು ಕೊಲ್ಲುವ ಸಾಧ್ಯತೆ ಇದೆ.