ಬೇವಿನ ಮರದ ಕೆಳಗೂ ಟಿವಿ ಬೇಕಾ?

ಎರಡು ದಿನ ತಡೆದುಕೊಂಡೆ. ಇನ್ನು ಆಗಲ್ಲ, ಬರೆದೇ ಬಿಡ್ತೀನಿ.

ಭಾನುವಾರ ಅಕ್ಕ ಹುಬ್ಬಳ್ಳಿಯಿಂದ ಬಂದಿದ್ದಳು. ಅಪ್ಪನನ್ನೂ ಕರೆದುಕೊಂಡು ಹೊರಗೆ ಊಟ ಮಾಡೋಣ ಅಂದಳು. ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ರಾತ್ರಿ ಎಂಟಾದರೂ ಮನೆ ಗೋಡೆ ಮುಟ್ಟಿದರೆ ಬಿಸಿ. ಅದಕ್ಕೇ ಹೈವೇ ಪಕ್ಕದ ಒಂದು ಗಾರ್ಡನ್ ಹೋಟೆಲ್‌ಗೆ ಹೋದೆವು. ಹೆಸರು ಹಾಕಲ್ಲ. ಈಗ ಎಲ್ಲಾ ಕಡೆ ಇದೇ ಕಥೆ, ಒಬ್ಬರನ್ನೇ ಬೈದು ಏನು ಬಂತು?

ಅಮ್ಮ ಇದ್ದಾಗ ನಾವು ಅಲ್ಲಿಗೇ ಹೋಗುತ್ತಿದ್ದೆವು. ದೊಡ್ಡ ಬೇವಿನ ಮರ, ಅದರ ಕೆಳಗೆ ನಾಲ್ಕು ಕಲ್ಲಿನ ಮೇಜು, ಒಳ್ಳೆ ಗಾಳಿ. ದೂರದಲ್ಲಿ ಲಾರಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಒಂದು ರೊಟ್ಟಿ ಊಟ ತರಿಸಿಕೊಂಡು ಎರಡು ಗಂಟೆ ಕೂತು ಮಾತಾಡಿದರೂ ಯಾರೂ ಎಬ್ಬಿಸುತ್ತಿರಲಿಲ್ಲ.

ಈಗ ಅದೇ ಮರಕ್ಕೆ ಕಬ್ಬಿಣದ ಪಟ್ಟಿ ಹೊಡೆದು ಟಿವಿ ನೇತು ಹಾಕಿದ್ದಾರೆ. ಮಳೆ ಬಂದರೆ ಇರಲಿ ಅಂತ ಮೇಲೊಂದು ತಗಡು. ಪಟ್ಟಿಯ ಬೋಲ್ಟು ಮರದೊಳಗೆ ಹೋದ ಜಾಗದಲ್ಲಿ ಅಂಟು ಸುರಿದು ಗಟ್ಟಿಯಾಗಿದೆ. ಅದನ್ನು ನೋಡಿಯೇ ಹೊಟ್ಟೆ ಉರಿಯಿತು. ಒಂದಲ್ಲ, ಒಟ್ಟು ನಾಲ್ಕು ಟಿವಿ. ಎರಡರಲ್ಲಿ ಐಪಿಎಲ್ ಮ್ಯಾಚು, ಒಂದರಲ್ಲಿ ನ್ಯೂಸು, ಇನ್ನೊಂದರಲ್ಲಿ ಹಾಡು. ನಾಲ್ಕಕ್ಕೂ ಸೌಂಡು.

ಮ್ಯಾಚಿನ ಎರಡು ಟಿವಿಗಳಾದರೂ ಒಟ್ಟಿಗೆ ಓಡುತ್ತವಾ? ಅದೂ ಇಲ್ಲ. ಒಂದಕ್ಕೆ ಡಿಶ್, ಇನ್ನೊಂದಕ್ಕೆ ಇಂಟರ್ನೆಟ್. ಇಂಟರ್ನೆಟ್ಟಿನದು ಯಾವಾಗಲೂ ಹಿಂದೆ. ಆ ಕಡೆ ಔಟ್ ಅಂತ ಕಿರುಚಾಟ ಮುಗಿದು ಉಸಿರು ಬಿಡುವಷ್ಟರಲ್ಲಿ ಈ ಕಡೆ ಅದೇ ಬಾಲು, ಅದೇ ಕಿರುಚಾಟ. ಒಂದೇ ವಿಕೆಟ್ಟಿಗೆ ಎರಡೆರಡು ಸಲ ಎದೆ ಧಸಕ್ ಅನ್ನಬೇಕು.

ಅಪ್ಪನಿಗೆ ಎಪ್ಪತ್ತನಾಲ್ಕು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದವರು. ಕಾಟನ್ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದಿದ್ದಾರೆ. ಅಲ್ಲಿ ಪಕ್ಕದಲ್ಲಿ ನಿಂತವನ ಮಾತೂ ಕೇಳುತ್ತಿರಲಿಲ್ಲವಂತೆ, ಕೈಸನ್ನೆ ಮಾಡಿ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರಂತೆ. ಆ ಶೆಡ್ಡು ಅವರ ಕಿವಿ ತಿಂದು ಹಾಕಿತು. ಈಗ ಎರಡೂ ಕಿವಿಗೆ ಮಷೀನು ಹಾಕುತ್ತಾರೆ. ಮಷೀನು ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಮಗಳ ಮಾತನ್ನೂ ದೊಡ್ಡದು ಮಾಡುತ್ತೆ, ಟಿವಿಯನ್ನೂ ದೊಡ್ಡದು ಮಾಡುತ್ತೆ. ಗಲಾಟೆ ನಡುವೆ ಒಂದು ಮಾತನ್ನು ಹೆಕ್ಕಿ ಕೇಳೋದು ವಯಸ್ಸಾದ ಕಿವಿಗೆ ತುಂಬಾ ಕಷ್ಟ. ಸ, ತ, ಪ, ಕ ಇಂಥ ಅಕ್ಷರಗಳೇ ಮೊದಲು ಅಳಿಸಿ ಹೋಗುತ್ತವೆ. ದನಿ ಬಂದದ್ದು ಗೊತ್ತಾಗುತ್ತೆ, ಮಾತು ಏನು ಅಂತ ಗೊತ್ತಾಗಲ್ಲ.

ನಾವು ದನಿ ಏರಿಸಿದೆವು. ಪಕ್ಕದ ಮೇಜಿನವರೂ ಏರಿಸಿದರು. ಅದು ಹಾಗೇ ಅಲ್ವಾ, ಸುತ್ತ ಗದ್ದಲ ಹೆಚ್ಚಾದಷ್ಟೂ ಮನುಷ್ಯ ತನಗೇ ಗೊತ್ತಿಲ್ಲದೆ ಜೋರಾಗಿ ಮಾತಾಡುತ್ತಾನೆ. ಹತ್ತು ನಿಮಿಷದಲ್ಲಿ ಇಡೀ ಗಾರ್ಡನ್ ಸಂತೆಯಾಯಿತು. ಸಪ್ಲೈಯರ್ ಹುಡುಗನಿಗೆ ಎಣ್ಣೆಗಾಯಿ ಖಾರ ಕಮ್ಮಿ ಇರಲಿ ಅಂದೆ. ಅವನಿಗೆ ಖಾರ ಇರಲಿ ಅಂತ ಕೇಳಿಸಿದೆ. ತಂದಿಟ್ಟದ್ದನ್ನು ಅಪ್ಪ ಒಂದು ತುತ್ತು ತಿಂದು ನೀರು ಕುಡಿದರು, ಆಮೇಲೆ ಮೊಸರಲ್ಲಿ ರೊಟ್ಟಿ ಅದ್ದಿಕೊಂಡು ತಿಂದರು. ಹುಡುಗನದು ತಪ್ಪಿಲ್ಲ. ಪಾಪ, ಅವನು ದಿನಾ ಆ ಗದ್ದಲದಲ್ಲೇ ಓಡಾಡಬೇಕು. ಅವನ ಕಿವಿ ಬಗ್ಗೆ ಯಾರು ಯೋಚನೆ ಮಾಡ್ತಾರೆ?

ಅವತ್ತು ಅಕ್ಕ ಸುಮ್ಮನೆ ಬಂದಿರಲಿಲ್ಲ. ಅವಳಿರೋದು ಬ್ಯಾಂಕಿನಲ್ಲಿ. ಹನ್ನೊಂದು ವರ್ಷ ಊರೂರು ತಿರುಗಿದ ಮೇಲೆ ಈಗ ದಾವಣಗೆರೆಗೇ ವರ್ಗ ಆಗಿದೆ. ಫೋನಲ್ಲಿ ಹೇಳದೆ, ಅಪ್ಪನ ಮುಖ ನೋಡುತ್ತಾ ಹೇಳಬೇಕು ಅಂತ ಇಟ್ಟುಕೊಂಡಿದ್ದಳು. ರೊಟ್ಟಿ ಮುಗಿದು ಅನ್ನ ಬಂದಾಗ ಅಪ್ಪನ ಕಡೆ ಬಗ್ಗಿ ಹೇಳಿದಳು. ಅಷ್ಟೊತ್ತಿಗೆ ಸಿಕ್ಸರ್ ಬಿತ್ತು. ಅಪ್ಪ ಅವಳನ್ನು ನೋಡಿ "ಹೂಂ ಹೂಂ" ಅಂದು ತಲೆ ಆಡಿಸಿ ಅನ್ನ ಕಲಸಿಕೊಂಡರು. ಅಕ್ಕನ ಮುಖ ಸಣ್ಣದಾಯಿತು. ಅಪ್ಪನಿಗೆ ಖುಷಿಯೇ ಆಗಲಿಲ್ಲ ಅಂದುಕೊಂಡಳು. ಆಮೇಲೆ ಅವಳೂ ಮಾತಾಡಲಿಲ್ಲ.

ಮನೆಗೆ ಬಂದು ಮಷೀನು ತೆಗೆದಿಡುತ್ತಾ ಅಪ್ಪ ಕೇಳಿದರು: "ಬೆಳಿಗ್ಗೆ ಎಷ್ಟೊತ್ತಿಗೆ ಟ್ರೈನು? ಮತ್ತೆ ಯಾವಾಗ ಬರ್ತೀಯವ್ವ?"

ಅಕ್ಕ ಅಡುಗೆ ಮನೆಗೆ ಹೋಗಿ ಅತ್ತಳು.

ಊಟದ ಮಧ್ಯೆ ನಾನು ಗಲ್ಲಾದ ಹತ್ತಿರ ಹೋಗಿ ಕೇಳಿದ್ದೆ. ಜಗಳ ಆಡಲಿಲ್ಲ, ಮರ್ಯಾದೆಯಿಂದಲೇ "ಅಣ್ಣಾ, ಆ ಮರದ ಟಿವಿದು ಸ್ವಲ್ಪ ಸೌಂಡ್ ಕಮ್ಮಿ ಮಾಡಿ" ಅಂದೆ. "ಗಿರಾಕಿಗಳು ಕೇಳ್ತಾರೆ ಸರ್" ಅಂದರು. ಯಾವ ಗಿರಾಕಿ? ನಾನು ಎಣಿಸಿದ್ದೆ. ಹದಿನಾಲ್ಕು ಮೇಜಿಗೆ ಜನ ಕೂತಿದ್ದರು, ಮ್ಯಾಚ್ ನೋಡುತ್ತಿದ್ದದ್ದು ಎರಡು ಮೇಜಿನವರು. ನ್ಯೂಸ್ ನೋಡುತ್ತಿದ್ದದ್ದು ಮೂರು ವರ್ಷದ ಒಂದು ಮಗು. ಬಾಯಿ ತೆರೆದುಕೊಂಡು, ತಟ್ಟೆ ಕಡೆ ತಿರುಗದೆ, ಯಾವುದೋ ಆಕ್ಸಿಡೆಂಟ್ ವಿಡಿಯೋ ಕೆಂಪು ವೃತ್ತ ಹಾಕಿ ಹತ್ತು ಸಲ ತೋರಿಸಿದ್ದನ್ನೇ ನೋಡುತ್ತಿತ್ತು. ಅದನ್ನು ಹೇಳಿದರೆ, "ನಾಲ್ಕೂ ಹೊಸಾವು ಸರ್, ಸುಮ್ನೆ ಇಟ್ಕೊಂಡು ಏನ್ಮಾಡ್ಲಿ?" ಅಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ರಿಮೋಟು ತೆಗೆದು ಎರಡು ಗೆರೆ ಇಳಿಸಿದರು. ನಾನು ಮೇಜಿಗೆ ಬಂದು ಕೂರುವಷ್ಟರಲ್ಲಿ ಮತ್ತೆ ಏರಿಸಿದ್ದರು.

ನನಗೇನು ಕ್ರಿಕೆಟ್ ಕಂಡರೆ ಆಗಲ್ಲ ಅಂತಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಾಗ ನಾನೂ ರಸ್ತೆಗೆ ಬಂದು ಗಂಟಲು ಹರಿಯುವಂತೆ ಕೂಗಿದವನೇ. ಹದಿನೆಂಟು ವರ್ಷ ಕಾದಿದ್ದೆವು, ಅವತ್ತು ಎಲ್ಲರಿಗೂ ಬೇಕಿತ್ತು. ದಿನಾ ರಾತ್ರಿ, ಯಾರಿಗೂ ಬೇಡದಿದ್ದರೂ, ನಾಲ್ಕು ಮೂಲೆಯಲ್ಲಿ ಯಾಕೆ?

ನೋಡಬೇಡಿ ಅನ್ನೋರೂ ಇದ್ದಾರೆ. ಕಣ್ಣಂಚಿನಲ್ಲಿ ಏನಾದರೂ ಮಿಣಮಿಣ ಅಂದರೆ ಕಣ್ಣು ತಾನಾಗಿ ಅತ್ತ ಹೋಗುತ್ತೆ, ಅದು ನಮ್ಮ ಕೈಯಲ್ಲಿಲ್ಲ. ನನ್ನ ಹೆಂಡತಿ ಮಾತಾಡುತ್ತಾ ಮಾತಾಡುತ್ತಾ ನನ್ನ ತಲೆ ಮೇಲೆ ನೋಡುತ್ತಿದ್ದಳು. ಕಿವಿಯನ್ನಂತೂ ಮುಚ್ಚೋಕೇ ಆಗಲ್ಲ.

ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವ್ಯಾಪಾರದ ಜಾಗಕ್ಕೆ ಹಗಲು 65 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 55 ಅಂತ ಮಿತಿ ಹಾಕಿದ್ದಾರೆ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸುತ್ತೆ. ಹತ್ತೂಕಾಲಿಗೆ ನಾವು ಏಳುವಾಗ ನನ್ನ ಫೋನು 78 ತೋರಿಸುತ್ತಿತ್ತು. ಫೋನಿನ ಅಳತೆ ಪಕ್ಕಾ ಅಲ್ಲ, ಒಪ್ಪುತ್ತೇನೆ. ಆದರೆ ಅಳತೆ ಯಾಕೆ ಬೇಕು? ಎದುರು ಕೂತ ಅಪ್ಪನಿಗೆ ಮಗಳ ಮಾತು ಕೇಳಲಿಲ್ಲ, ಅಷ್ಟು ಸಾಕು.

ನಮ್ಮೂರಲ್ಲಿ ಹಳೇ ಬೆಣ್ಣೆ ದೋಸೆ ಹೋಟೆಲ್‌ಗಳಿವೆ. ಬೆಂಚಿನ ಮೇಲೆ ಒತ್ತಿಕೊಂಡು ಕೂರಬೇಕು, ಹೊಗೆ ಬೇರೆ. ಆದರೂ ಕಾವಲಿ ಮೇಲೆ ಬೆಣ್ಣೆ ಬಿದ್ದಾಗ ಚುಂಯ್ ಅನ್ನೋದು ಕೇಳಿಸುತ್ತೆ. ಅಪ್ಪನಿಗೂ ಕೇಳಿಸುತ್ತೆ! ಮಂಡಕ್ಕಿ ಮೆಣಸಿನಕಾಯಿ ಗಾಡಿ ಹತ್ತಿರ ನಿಂತುಕೊಂಡೇ ಅರ್ಧ ಗಂಟೆ ಹರಟೆ ಹೊಡೆಯುತ್ತಾರೆ. ಇಷ್ಟೆಲ್ಲಾ ಜಾಗ ಇರೋ ಗಾರ್ಡನ್‌ನಲ್ಲಿ, ಇಷ್ಟು ದುಡ್ಡು ಕೊಟ್ಟು, ನಾವು ಮೂಗರ ಹಾಗೆ ಉಂಡು ಎದ್ದು ಬರಬೇಕು.

ನಾನು ಎಲ್ಲಾ ಕಿತ್ತು ಹಾಕಿ ಅನ್ನುತ್ತಿಲ್ಲ. ಮ್ಯಾಚ್ ಬೇಕಾದವರಿಗೆ ಒಳಗಿನ ಹಾಲ್‌ನಲ್ಲಿ ಒಂದು ಇಡಿ. ಮರದ ಕೆಳಗಿನದನ್ನು ಆರಿಸಿ.

ನಿನ್ನೆ ಅಪ್ಪ "ಇನ್ಮೇಲೆ ನೀವು ಹೋಗ್ಬನ್ನಿ, ನನಗೆ ಮನೇಲೇ ಅನ್ನ ಸಾರು ಸಾಕು" ಅಂದರು. ಅದಕ್ಕೆ ಮಾತ್ರ ನಾನು ಒಪ್ಪಲ್ಲ. ಮುಂದಿನ ತಿಂಗಳು ಅಕ್ಕ ಸಾಮಾನು ಸಮೇತ ಬರುತ್ತಾಳೆ. ಆ ವಾರವೇ ಅಪ್ಪನನ್ನು ಕರೆದುಕೊಂಡು ಅದೇ ಹೋಟೆಲ್‌ಗೆ ಹೋಗುತ್ತೇವೆ, ಮಕ್ಕಳೂ ಸೇರಿ ಏಳು ಜನ. ಕೂರುವ ಮುಂಚೆ ಗಲ್ಲಾದ ಹತ್ತಿರ ನಿಂತು, ಆ ಬೇವಿನ ಮರದ ಟಿವಿ ಆರಿಸ್ತೀರಾ ಇಲ್ವಾ ಅಂತ ಕೇಳ್ತೀನಿ. ಇಲ್ಲ ಅಂದರೆ ಏಳೂ ಜನ ಅಲ್ಲಿಂದಲೇ ವಾಪಸ್.