ಡಬ್ಬಿ ಮೇಲಿನ 6.25 ಟಿಬಿ ನಂಬಬೇಡಿ

ಎಲ್‌ಟಿಒ-6 (ಕಂಪ್ಯೂಟರ್ ಡೇಟಾ ಉಳಿಸಿಡೋ ಮ್ಯಾಗ್ನೆಟಿಕ್ ಟೇಪಿನ ಆರನೇ ತಲೆಮಾರು) ಟೇಪಿನಲ್ಲಿ 6.25 ಟಿಬಿ (ಟೆರಾಬೈಟ್) ಹಿಡಿಯುತ್ತೆ ಅಂತ ಟೇಪ್ ಬ್ಯಾಕಪ್ ಕುರಿತ ಲೇಖನದಲ್ಲಿ ಬರೆದಿದ್ದೀರಿ. ಅದು ಡೇಟಾ ಎರಡೂವರೆ ಪಟ್ಟು ಕುಗ್ಗುತ್ತೆ ಅಂದುಕೊಂಡು ಹಾಕಿದ ಲೆಕ್ಕ. ಅಸಲಿ ಜಾಗ 2.5 ಟಿಬಿ ಅಷ್ಟೇ. ನಾನು ಮದುವೆ ವಿಡಿಯೊ ಮಾಡೋನು. ಎಂಪಿ4, ಜೆಪೆಗ್ ಎಲ್ಲ ಮೊದಲೇ ಹಿಂಡಿ ಹಿಪ್ಪೆಯಾದ ಫೈಲುಗಳು, ಇನ್ನೆಲ್ಲಿ ಕುಗ್ಗಬೇಕು?

ಇನ್ನು ಸೆಕೆಂಡ್‌ಹ್ಯಾಂಡ್ ಟೇಪ್ ಡ್ರೈವ್ (ಟೇಪನ್ನು ಓದಿ ಬರೆಯೋ ಯಂತ್ರ) ಅಗ್ಗಕ್ಕೆ ಸಿಕ್ತು ಅಂತ ಹಿಗ್ಗಿ ತಂದೆ. ನೋಡಿದರೆ ಹಿಂದೆ ಇರೋದು ಸರ್ವರ್‌ಗಳಲ್ಲಿ ಬಳಸೋ ಎಸ್‌ಎಎಸ್ ಕನೆಕ್ಟರ್, ಮನೆ ಪಿಸಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಕಾರ್ಡು, ಕೇಬಲ್ಲು ಅಂತ ಅಲೆಯೋದರಲ್ಲೇ ಒಂದು ತಿಂಗಳು ಹೋಯ್ತು. ಈ ಖರ್ಚು ನಿಮ್ಮ ಲೆಕ್ಕದಲ್ಲಿ ಎಲ್ಲೂ ಕಾಣಲಿಲ್ಲ. ಮುಂದೆ ಎಲ್‌ಟಿಒ-8 ಡ್ರೈವ್ ತಗೊಳ್ಳೋರು ಹಳೇ ಡ್ರೈವ್ ಮಾರಬೇಡಿ, ಹೊಸದು 6ರ ಟೇಪನ್ನು ಓದೋದೇ ಇಲ್ಲ.