ಎರಡೇ ಸೀಟಾ?

ಹಳೇ ಕಾರಿನ ಜಾಹೀರಾತು ಯಾವುದೇ ಇರಲಿ, ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಎಸಿಗೆ ಗ್ಯಾಸ್ ತುಂಬಿಸಿದರೆ ಸಾಕು.’ ಓದಿದಾಗಲೆಲ್ಲ ಮೈ ಉರಿಯುತ್ತದೆ. ತುಂಬಿಸಿದರೆ ಸಾಕಾಗುವ ಹಾಗಿದ್ದರೆ ಮಾರುವ ಪುಣ್ಯಾತ್ಮ ತಾನೇ ತುಂಬಿಸಿ, ತಣ್ಣನೆ ಗಾಳಿ ತೋರಿಸಿ, ಇನ್ನಷ್ಟು ಹೆಚ್ಚಿಗೆ ಕೇಳುತ್ತಿದ್ದನಲ್ಲ! ಎಸಿಯ ಗ್ಯಾಸು ಉರಿದು ಖರ್ಚಾಗುವ ಪದಾರ್ಥವಲ್ಲ. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ. ಕಂಪ್ರೆಸರಿನ ಶಾಫ್ಟ್ ಸೀಲಿನಲ್ಲೋ, ಕಂಡೆನ್ಸರಿನಲ್ಲೋ, ಪೈಪಿನ ಸಂದಿಯ ಓ-ರಿಂಗಿನಲ್ಲೋ, ಎಲ್ಲೋ ಒಂದು ಕಡೆ. 1990ರ ದಶಕದ ಮೊದಲ ವರ್ಷಗಳ ಕಾರಾದರೆ ಅದರೊಳಗಿದ್ದದ್ದು ಆರ್-12 ಎಂಬ ಗ್ಯಾಸು. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದ ದೆಸೆಯಿಂದ ಮುಂದುವರಿದ ದೇಶಗಳು 1996ರ ಹೊತ್ತಿಗೆ ಅದರ ತಯಾರಿಕೆಯನ್ನೇ ನಿಲ್ಲಿಸಿದವು. ಈಗ ಅದರ ಬದಲಿಗೆ ಬಂದ ಆರ್-134ಎ ಹಾಕಬೇಕೆಂದರೆ ಹಳೆಯ ಮಿನರಲ್ ಆಯಿಲ್ ತೆಗೆದು ಬೇರೆ ಆಯಿಲ್ ಹಾಕಬೇಕು, ತೇವ ಹೀರುವ ಡ್ರೈಯರ್ ಹೊಸದು ಕೂರಿಸಬೇಕು, ಓ-ರಿಂಗುಗಳನ್ನೆಲ್ಲ ಬದಲಾಯಿಸಬೇಕು, ಗ್ಯಾಸ್ ತುಂಬುವ ಬಾಯಿಗೆ ಅಡಾಪ್ಟರ್ ಹಚ್ಚಬೇಕು. ಆಮೇಲೆ ಬೇಕಾದರೆ ‘ಸಾಕು’ ಎನ್ನಬಹುದು.

ಹಳೇ ಸ್ಪೋರ್ಟ್ಸ್ ಕಾರಿನ ಇಂಥ ಜಾಹೀರಾತನ್ನು ಫೋನಿನಲ್ಲಿ ಹಿಡಿದುಕೊಂಡು ಒಪ್ಪಿಗೆಗಾಗಿ ಅಪ್ಪನ ಮುಂದೆ ನಿಲ್ಲುವ ಮಕ್ಕಳನ್ನು ನೆನೆದರೆ ಪಾಪ ಎನಿಸುತ್ತದೆ. ಅಪ್ಪ ಕನ್ನಡಕ ಮೇಲೇರಿಸಿ ನೋಡುತ್ತಾರೆ. ಕೆಂಪು ಬಣ್ಣ, ಚಪ್ಪಟೆ ಮೂತಿ, ಗುಂಡಿ ಒತ್ತಿದರೆ ಮೇಲೇಳುವ ಹೆಡ್‌ಲೈಟು. ಎಂಜಿನ್ ಎಷ್ಟು ಸಿಸಿ ಎಂದು ಕೇಳುವುದಿಲ್ಲ, ಯಾವ ವರ್ಷದ್ದು ಎಂದೂ ಕೇಳುವುದಿಲ್ಲ.

“ಎರಡೇ ಸೀಟಾ?”

ಹೌದು, ಎರಡೇ. ಇದಕ್ಕೆ ಸಮಜಾಯಿಷಿ ಹುಡುಕುವುದು ದಂಡ. ಪೋರ್ಷೆ 944ರಂಥ ಕಾರುಗಳಲ್ಲಿ ಹಿಂದೆ ಇನ್ನೆರಡು ಸೀಟುಗಳಿವೆ ಎಂದು ವಾದಿಸುವವರಿದ್ದಾರೆ. ಇವೆ, ಇಲ್ಲವೆನ್ನುವುದಿಲ್ಲ. ಅಲ್ಲಿ ಚೀಲಗಳು ಆರಾಮಾಗಿ ಕೂರುತ್ತವೆ, ಯಾಕೆಂದರೆ ಚೀಲಗಳಿಗೆ ಮೊಣಕಾಲಿಲ್ಲ.

ಮೊದಲು ಕೆಲಸಕ್ಕೆ ಬಾರದ ಮಾತುಗಳನ್ನು ಆಚೆ ಹಾಕಿಬಿಡೋಣ.

ಎಲ್ಲಕ್ಕಿಂತ ಕೆಟ್ಟದ್ದು ‘ಇದು ಹೂಡಿಕೆ’ ಎಂಬ ಮಾತು. ಕ್ಲಾಸಿಕ್ ಕಾರು, ಮುಂದೆ ಬೆಲೆ ಏರುತ್ತದೆ ಎನ್ನುವುದು. ಏರುವುದು ಯಾವ ಕಾರಿಗೆ ಗೊತ್ತೇ? ಕಡಿಮೆ ಓಡಿದ, ಬಣ್ಣದಿಂದ ಹಿಡಿದು ರೇಡಿಯೊವರೆಗೆ ಎಲ್ಲವೂ ಮೂಲದ್ದೇ ಇರುವ, ಯಾರೋ ಒಬ್ಬರು ಮುಚ್ಚಿಟ್ಟು ಕಾಪಾಡಿದ ಕಾರಿಗೆ. ನಿಮ್ಮ ಕೈಗೆಟುಕುವ ಕಾರು ಅದಲ್ಲ. ಅದೇ ಆಗಿದ್ದರೂ ನೀವು ಓಡಿಸಲು ಶುರು ಮಾಡಿದ ದಿನದಿಂದ ಹಾಗೆ ಉಳಿಯುವುದಿಲ್ಲ. ವಿಮೆ, ಟೈರು, ಆಯಿಲು, ರಬ್ಬರು ಎಲ್ಲ ಸೇರಿಸಿ ಲೆಕ್ಕ ಹಾಕಲು ಅಪ್ಪನಿಗೆ ಕಾಗದವೂ ಬೇಕಾಗಿಲ್ಲ. ಕೊಳ್ಳುವ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಎತ್ತಿಟ್ಟಿದ್ದೇನೆ ಎಂದು ನೀವೇ ಮೊದಲು ಹೇಳಿಬಿಡಿ. ಮಾತು ಅಲ್ಲಿಗೆ ಬೆಳೆಯದೆ ನಿಲ್ಲುತ್ತದೆ. ಎತ್ತಿಟ್ಟಿಲ್ಲವೆಂದರೆ ಕಾರು ಕೊಳ್ಳುವಷ್ಟು ದುಡ್ಡು ನಿಮ್ಮಲ್ಲಿಲ್ಲ ಎಂದಾಯಿತು, ಇದರಲ್ಲಿ ಅಪ್ಪನ ತಪ್ಪೇನೂ ಇಲ್ಲ.

ಎರಡನೆಯದು ವೇಗದ ಭಯ. ಇದನ್ನು ಕಳೆಯುವುದು ಸುಲಭ, ಕೊಂಚ ಮಾನ ಹೋಗುತ್ತದೆ ಅಷ್ಟೆ. 1989ರಲ್ಲಿ ಬಂದ ಮೊದಲ ಮಝ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಕಾರಿನ ಎಂಜಿನ್ 1.6 ಲೀಟರಿನದು, ಸುಮಾರು 115 ಕುದುರೆಶಕ್ತಿ, ಕಾರಿನ ತೂಕ ಸಾವಿರ ಕಿಲೋಗಿಂತ ಕಡಿಮೆ. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಹೋಗಲು ಒಂಬತ್ತು ಸೆಕೆಂಡಿನ ಆಸುಪಾಸು ಬೇಕು. ತರಕಾರಿ ಚೀಲ ತುಂಬಿಕೊಂಡು ಹೊರಡುವ ಇವತ್ತಿನ ಎಷ್ಟೋ ಫ್ಯಾಮಿಲಿ ಕಾರುಗಳು ಇದಕ್ಕಿಂತ ಬೇಗ ಹೋಗುತ್ತವೆ. “ಅಪ್ಪಾ, ಇದು ನಿಮ್ಮ ಕಾರಿಗಿಂತ ನಿಧಾನ” ಎಂದರೆ ಅಪ್ಪನ ಮುಖ ಅರಳುತ್ತದೆ. ಆಮೇಲೆ “ಹಾಗಾದರೆ ಯಾಕೆ ಬೇಕು?” ಎನ್ನುತ್ತಾರೆ. ಅದಕ್ಕೆ ತಯಾರಾಗಿರಬೇಕು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ವಾದಕ್ಕಿಳಿಯಬೇಡಿ, ಅಪ್ಪ ಹೇಳುವುದೇ ಸರಿ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಜಾರಿದಾಗ ಹಿಡಿದು ನಿಲ್ಲಿಸುವ ಎಲೆಕ್ಟ್ರಾನಿಕ್ಸಂತೂ ಇಲ್ಲವೇ ಇಲ್ಲ. ಹಿಂದಿನ ಚಕ್ರ ತಳ್ಳುವ ಹಗುರ ಕಾರು, ಒದ್ದೆ ರಸ್ತೆ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟ ಕಾಲು, ಇಷ್ಟು ಕೂಡಿದರೆ ಹಿಂಭಾಗ ಮುಂದಕ್ಕೆ ಬಂದುಬಿಡುತ್ತದೆ. ಮಾತಿನಿಂದ ಇದನ್ನು ಗೆಲ್ಲಲಾಗದು. ಮಾಡಬಹುದಾದ್ದು ಮೂರು ಕೆಲಸ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದರೆ 2016ರ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಕಿತ್ತು ಹಾಕಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಅದರ ಮೇಲೆ ಟೆಸ್ಟ್ ಡ್ರೈವ್ ಕೂಡ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಕುಡಿದದ್ದು ಇಳಿಜಾರಿನಲ್ಲಿ ಕುದಿಯುತ್ತದೆ, ಪೆಡಲು ನೆಲ ಮುಟ್ಟುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಗಬೇಕು. ಮೂರನೆಯದು ಪೆಟ್ರೋಲ್ ಪೈಪು. ಹಳೇ ರಬ್ಬರಿಗೂ ಎಥೆನಾಲ್ ಬೆರೆತ ಪೆಟ್ರೋಲಿಗೂ ಆಗಿಬರುವುದಿಲ್ಲ. ಪೈಪನ್ನು ಬಗ್ಗಿಸಿದಾಗ ಬಿರುಕು ಕಂಡರೆ ಅಂದೇ ಬದಲಾಯಿಸಬೇಕು. ಫ್ಯುಯೆಲ್ ಇಂಜೆಕ್ಷನ್ ಕಾರಾದರೆ ಮೈಮೇಲೆ 30ಆರ್9 ಎಂದು ಅಚ್ಚಾದ, ಒತ್ತಡ ತಾಳುವ ಪೈಪೇ ಆಗಬೇಕು. ಕಾರ್ಬುರೇಟರಿನ ಅಗ್ಗದ ಪೈಪು ಹಾಕಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲು ಚಿಮ್ಮುತ್ತದೆ.

ಇನ್ನು ತುಕ್ಕು.

ತುಕ್ಕು ಎಂದ ಕೂಡಲೇ ಎಲ್ಲರೂ ಬಗ್ಗಿ ಬಾಗಿಲ ಕೆಳಗೆ ನೋಡುತ್ತಾರೆ, ಬಣ್ಣ ಹೊಳೆಯುತ್ತಿದೆ ಎಂದು ಎದ್ದು ನಿಲ್ಲುತ್ತಾರೆ. ಇದರಷ್ಟು ಪೆದ್ದು ಪರೀಕ್ಷೆ ಮತ್ತೊಂದಿಲ್ಲ. ಬಟ್ಟೆಯ ಟಾಪ್ ಇರುವ ಎಂಎಕ್ಸ್-5ನಲ್ಲಿ ಮಳೆ ನೀರು ಎಲ್ಲಿ ಹೋಗುತ್ತದೆ ಎಂದು ಒಮ್ಮೆ ಹಿಂಬಾಲಿಸಿ ನೋಡಿ. ಟಾಪಿನ ಮೇಲೆ ಬಿದ್ದ ನೀರು ಹಿಂದಕ್ಕೆ ಜಾರಿ, ಹಿಂದಿನ ಕಿಟಕಿಯ ಕೆಳಗಿನ ರಬ್ಬರ್ ದೋಣಿಗೆ ಬೀಳುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು, ಸೀಟ್ ಬೆಲ್ಟಿನ ಕಂಬದ ಪಕ್ಕ ಇರುವ ತೂತಿಗೆ ಇಳಿದು, ಕೊಳವೆಯಲ್ಲಿ ಹಾದು, ಹಿಂದಿನ ಚಕ್ರದ ಸ್ವಲ್ಪ ಮುಂದೆ ಕಾರಿನ ಹೊಟ್ಟೆಯಡಿ ಹೊರಬೀಳುತ್ತದೆ. ಏರ್ಪಾಟು ಚೆನ್ನಾಗಿದೆ. ಆದರೆ ನೀರಿನ ಜೊತೆ ಒಣಗಿದೆಲೆ, ಧೂಳು, ಹೂವಿನ ಎಸಳು, ಟಾಪಿನದೇ ನೂಲಿನ ಚೂರು ಎಲ್ಲ ಬರುತ್ತವೆ. ವರ್ಷಗಟ್ಟಲೆ ಬಂದು ತೂತಿನ ಬಾಯಲ್ಲಿ ಕಪ್ಪು ಕೆಸರಾಗಿ ಕೂರುತ್ತವೆ. ಒಂದು ದಿನ ನೀರು ನಿಲ್ಲುತ್ತದೆ. ನಿಂತ ನೀರು ಉಕ್ಕಿ ಸೀಟಿನ ಹಿಂದಿನ ಕಾರ್ಪೆಟ್ಟಿಗೂ, ಬಾಗಿಲ ಹೊಸ್ತಿಲ ಟೊಳ್ಳಿಗೂ ಇಳಿಯುತ್ತದೆ.

ಈ ಹೊಸ್ತಿಲು ಒಂದರ ಮೇಲೊಂದು ತಗಡು ಬೆಸೆದು ಮಾಡಿದ ಪೆಟ್ಟಿಗೆ. ಹೊರಗೆ ನಾಲ್ಕು ಪದರ ಬಣ್ಣ, ಒಳಗೆ ಹೆಸರಿಗಷ್ಟೇ ಬಣ್ಣ. ಹುಳುಕು ಹಲ್ಲಿನ ಹಾಗೆ ಒಳಗಿನಿಂದ ತಿನ್ನಿಸಿಕೊಂಡು ಬರುತ್ತದೆ. ಹಿಂದಿನ ಚಕ್ರದ ಮುಂದುಗಡೆ, ಹೊಸ್ತಿಲು ಮುಗಿಯುವಲ್ಲಿ, ಬಣ್ಣದಡಿ ಕಡಲೆಕಾಳಿನಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಪದರ ಹೋಗಿಯಾಗಿರುತ್ತದೆ. ಮಾರುವವರು ಆ ಗುಳ್ಳೆ ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿ ‘ಈಗಷ್ಟೇ ಟಿಂಕರಿಂಗ್ ಆಗಿದೆ’ ಎಂದು ಬರೆಯುತ್ತಾರೆ. ಸರಿಯಾದ ರಿಪೇರಿ ಎಂದರೆ ಹೊರ ತಗಡು ಕತ್ತರಿಸಿ ತೆಗೆದು, ಒಳಪದರಕ್ಕೆ ಹೊಸ ತಗಡು ಬೆಸೆದು, ಆಮೇಲೆ ಹೊರಗಿನದನ್ನು ಕೂರಿಸಿ, ಟೊಳ್ಳಿನೊಳಗೆ ಮೇಣ ಸಿಂಪಡಿಸುವುದು. ಕೊಳೆತದ್ದರ ಮೇಲೆಯೇ ಹೊಸ ತಗಡಿನ ತೇಪೆ ಹಾಕುವ ಮಹಾನುಭಾವರೂ ಇದ್ದಾರೆ. ಅಂಥ ಕಾರಿನ ಹೊಸ್ತಿಲಿಗೆ ಜಾಕ್ ಕೊಟ್ಟರೆ ಕಾರು ಮೇಲೇಳುವುದಿಲ್ಲ, ಜಾಕೇ ಒಳಗೆ ಹೋಗುತ್ತದೆ.

ಪರೀಕ್ಷೆಗೆ ಬೇಕಾದ್ದು ಅರ್ಧ ಲೀಟರ್ ನೀರು. ಟಾಪನ್ನು ಅರ್ಧ ಮಡಿಸಿ, ತೂತು ಕಾಣಿಸಿದ ಮೇಲೆ, ಬಾಟಲಿಯಿಂದ ಸಣ್ಣಗೆ ಸುರಿಯುತ್ತ ಹೋಗಬೇಕು. ಇನ್ನೊಬ್ಬರು ಹಿಂದಿನ ಚಕ್ರದ ಬಳಿ ಬಗ್ಗಿರಬೇಕು. ಕೆಲವೇ ಸೆಕೆಂಡಿನಲ್ಲಿ ಧಾರೆಯಾಗಿ ಬಿದ್ದರೆ ಪಾಸು. ತೊಟ್ಟಿಕ್ಕಿದರೆ ಅನುಮಾನ. ಏನೂ ಬೀಳದಿದ್ದರೆ, ಆ ಅರ್ಧ ಲೀಟರ್ ಈಗ ಎಲ್ಲಿದೆ ಎಂದು ಮಾರುವವರನ್ನೇ ಕೇಳಬಹುದು. ಸೀಟಿನ ಹಿಂದೆ ಕಾರ್ಪೆಟ್ಟನ್ನು ಅಂಗೈಯಿಂದ ಬಲವಾಗಿ ಒತ್ತಿ, ಕೈ ಮೂಸಿ ನೋಡಿ. ಕಾರು ಕೊಂಡ ಮೇಲೆ ತೂತು ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ, ಎರಡು ಮೂರು ಮಿಲಿಮೀಟರ್ ದಪ್ಪದ್ದು, ಹೇಳಿ ಮಾಡಿಸಿದ್ದು. ತಂತಿ ತುರುಕಬೇಡಿ, ಕೊಳವೆ ಹರಿಯುತ್ತದೆ. ಮೇಲಿನಿಂದ ಜೋರು ಗಾಳಿ ಹೊಡೆಯಬೇಡಿ, ಕೊಳವೆ ಬುಡದಿಂದ ಕಳಚಿ, ಮುಂದೆ ನೀರೆಲ್ಲ ನೇರ ಟೊಳ್ಳಿಗೇ ಹೋಗುತ್ತದೆ. ಡಿಕ್ಕಿಯನ್ನೂ ನೋಡಿ, ಈ ಕಾರಿನ ಬ್ಯಾಟರಿ ಇರುವುದು ಅಲ್ಲೇ. ಆವಿ ಹೊರಹೋಗಲು ಕೊಳವೆಯಿಲ್ಲದ ಮಾಮೂಲಿ ಬ್ಯಾಟರಿ ಕೂರಿಸಿದ್ದರೆ ಸುತ್ತಲಿನ ತಗಡಿಗೆ ಆಸಿಡ್ಡಿನ ಅಭಿಷೇಕವಾಗಿರುತ್ತದೆ.

ಆಯಸ್ಕಾಂತದ ಪರೀಕ್ಷೆಯೂ ಉಂಟು. ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಸರಿಸಿಕೊಂಡು ಹೋದರೆ, ಜಾರಿ ಬೀಳುವ ಕಡೆ ಪುಟ್ಟಿ ಇದೆ ಎಂದು ಲೆಕ್ಕ. ಆದರೆ ಬಾನೆಟ್ಟಿನ ಮೇಲೂ ಇಟ್ಟು, ಅದು ಜಾರಿದ್ದನ್ನು ಕಂಡು, ಇಡೀ ಬಾನೆಟ್ಟೇ ಪುಟ್ಟಿ ಎಂದು ಕೂಗಾಡಬೇಡಿ. ಎಂಎಕ್ಸ್-5ನ ಬಾನೆಟ್ ಅಲ್ಯುಮಿನಿಯಮ್ಮಿನದು.

ಈ ನೀರು ಸುರಿಯುವ ಕೆಲಸವನ್ನು ಅಪ್ಪನ ಕೈಗೇ ಕೊಡಬೇಕು. ಮಕ್ಕಳು ಇಷ್ಟಪಟ್ಟ ವಸ್ತುವಿನಲ್ಲಿ ಹುಳುಕು ಹುಡುಕುವುದಕ್ಕೆ ಅವರಿಗಿರುವ ಹುಮ್ಮಸ್ಸು ಯಾವ ಮೆಕ್ಯಾನಿಕ್‌ಗೂ ಇರುವುದಿಲ್ಲ. ನಿಮಗೆ ಹೆಡ್‌ಲೈಟ್ ಕಣ್ಣು ಮಿಟುಕಿಸುವುದು ಕಾಣುತ್ತಿರುವಾಗ ಅವರಿಗೆ ಕೂಲೆಂಟ್ ಕಂದು ಬಣ್ಣಕ್ಕೆ ತಿರುಗಿದ್ದು ಕಾಣುತ್ತದೆ. “ನಾವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದೀರಲ್ಲ, ಯಾಕೆ?” ಎಂದು ಕೇಳುವುದೂ ಅವರೇ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗಲೇ ನೀಲಿ ಹೊಗೆಯೋ ಟಕಟಕ ಸದ್ದೋ ಹೊರಬೀಳುವುದು ಎಂದು ಅವರಿಗೆ ಗೊತ್ತು. ನಿಮಗೂ ಗೊತ್ತಿತ್ತು, ಕೆಂಪು ಬಣ್ಣ ನೋಡಿ ಮರೆತಿರಿ.

ಕೊನೆಗೆ ಟೈಮಿಂಗ್ ಬೆಲ್ಟಿನ, ಅಂದರೆ ಪಿಸ್ಟನ್ನು ವಾಲ್ವುಗಳ ತಾಳ ಹೊಂದಿಸುವ ಬೆಲ್ಟಿನ, ರಸೀದಿ. ಯಾವಾಗ ಬದಲಾಯಿಸಿದ್ದು ಎಂದರೆ ‘ಇತ್ತೀಚೆಗೆ’ ಎನ್ನುತ್ತಾರೆ. ಇತ್ತೀಚೆಗೆ ಎಂಬ ತಾರೀಖು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. 1.6 ಲೀಟರಿನ ಎಂಎಕ್ಸ್-5 ಆದರೆ ಬೆಲ್ಟ್ ಹರಿದರೂ ದಾರಿ ಬದಿ ನಿಲ್ಲುತ್ತೀರಿ ಅಷ್ಟೆ, ಪಿಸ್ಟನ್ನೂ ವಾಲ್ವೂ ಡಿಕ್ಕಿ ಹೊಡೆಯುವುದಿಲ್ಲ. ಪೋರ್ಷೆ 944ರಲ್ಲಿ ಹೊಡೆಯುತ್ತವೆ, ವಾಲ್ವುಗಳು ಬಾಗುತ್ತವೆ, ಹೆಡ್ ಇಳಿಸಲೇಬೇಕು. ಅದರಲ್ಲಿ ಎಂಜಿನ್ನಿನ ಅದುರು ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿಗೆಂದು ಇನ್ನೊಂದು ಬೆಲ್ಟೂ ಇದೆ. ಬಲ್ಲವರು ನಾಲ್ಕೈದು ವರ್ಷಕ್ಕೊಮ್ಮೆ, ಓಡಿರಲಿ ಬಿಡಲಿ, ಎರಡೂ ಬೆಲ್ಟು, ರೋಲರು, ಮುಂದಿನ ಸೀಲುಗಳನ್ನು ಒಟ್ಟಿಗೇ ಬದಲಾಯಿಸಿ, ವಾಟರ್ ಪಂಪನ್ನೂ ನೋಡಿಬಿಡುತ್ತಾರೆ. ರಸೀದಿಯಿಲ್ಲದಿದ್ದರೆ ಬದಲಾಗಿಲ್ಲ ಎಂದೇ ಹಿಡಿದು ಬೆಲೆಯಲ್ಲಿ ಕಳೆಯಿರಿ.

ಇನ್ನು ಅಪ್ಪನನ್ನು ಒಪ್ಪಿಸುವ ಮಾತು ಬಾಕಿ ಇದೆ. ಆದರೆ ಅದನ್ನು ಮನೆಯ ಸೋಫಾದಲ್ಲಿ ಹೇಳಿ ಪ್ರಯೋಜನವಿಲ್ಲ, ಅಪ್ಪ ಕಾರಿನೊಳಗೆ ಕೂತಿರಬೇಕು. ಕೂರಿಸುವುದೇ ಒಂದು ಕೆಲಸ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸಾಧ್ಯವಾದರೆ ಟಾಪ್ ಇಳಿಸಿಡಿ. ಕಾಲು ಮೊದಲು ಹಾಕಲು ಹೋದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ. ಬೆನ್ನು ಕಾರಿನ ಕಡೆ ಮಾಡಿ, ಮೊದಲು ಕುಂಡೆ ಊರಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು. ಇಳಿಯುವಾಗ ಇದರ ತಿರುವುಮುರುವು: ಎರಡೂ ಪಾದ ನೆಲಕ್ಕೆ ಊರಿ, ಒಂದು ಕೈ ಹೊಸ್ತಿಲಿಗೆ ಕೊಟ್ಟು, ಮುಂದಕ್ಕೆ ಬಾಗಿ ಏಳಬೇಕು. ಬಾಗಿಲ ಹಿಡಿಕೆಗೆ ಜೋತು ಬೀಳಲು ಬಿಡಬೇಡಿ, ಮೂವತ್ತು ವರ್ಷದ ಪ್ಲಾಸ್ಟಿಕ್ ಕೈಯಲ್ಲೇ ಬರುತ್ತದೆ. ಟಾಪ್ ಹಾಕಿದ್ದರೆ ತಲೆ ತಗ್ಗಿಸಲು ಮೊದಲೇ ಹೇಳಿ. ಅದರ ಕಂಬಿ ಸರಿಯಾಗಿ ಹಣೆಯ ಮಟ್ಟಕ್ಕೇ ಇದೆ, ಬಡಿಸಿಕೊಂಡ ಅಪ್ಪನ ಮುಂದೆ ಆ ದಿನ ಯಾವ ಮಾತೂ ನಡೆಯುವುದಿಲ್ಲ.